ಸೂಜಿ ಹಾಕಿದ ಎಂಆರ್‌ಐ, ಸೂಜಿ ಇಲ್ಲದ ಎಂಆರ್‌ಐ: ಮಹಾಪಧಮನಿಗೆ ಯಾವುದು ಬೇಕು?

ನಮ್ಮ ಕಾಕಾ ಮುಧೋಳದ ಕಡೆ ಕಬ್ಬು ಬೆಳೆಯುವವರು. ವಯಸ್ಸು ಅರವತ್ತೆರಡು. ಎರಡು ವರ್ಷದ ಹಿಂದೆ ಬಿಪಿ ತೋರಿಸಲು ಬಾಗಲಕೋಟೆಗೆ ಹೋದಾಗ ಡಾಕ್ಟರು ಎಕೋ ಎಂಬ ಹೃದಯದ ಸ್ಕ್ಯಾನ್ ಮಾಡಿಸಿದರು. ಹೃದಯ ಚೆನ್ನಾಗಿತ್ತು. ಆದರೆ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಸ್ವಲ್ಪ ಉಬ್ಬಿದೆ ಅಂತ ಗೊತ್ತಾಯಿತು. ಅಳತೆ ಸರಿಯಾಗಿ ಸಿಗಲಿ ಎಂದು ಎಂಆರ್‌ಐಗೆ ಬರೆದುಕೊಟ್ಟರು. ಆ ವರ್ಷ ಕೈಗೆ ಸೂಜಿ ಹಾಕಿ, ಔಷಧಿ ಬಿಟ್ಟು ತೆಗೆದರು. 4.4 ಸೆಂಟಿಮೀಟರ್ ಅಂತ ಬಂತು. ಮರುವರ್ಷದ ಚೀಟಿಯಲ್ಲಿ ‘ಪ್ಲೇನ್’ ಅಂತ ಬರೆದಿತ್ತು. ಅಂದರೆ ಈ ಸಲ ಸೂಜಿ ಬೇಡ.

ಮನೆಯಲ್ಲಿ ತಲೆಬಿಸಿ ಶುರುವಾಗಿದ್ದೇ ಅಲ್ಲಿಂದ. “ಹ್ವಾದ ವರ್ಷ ಪೂರಾ ತಗದಿದ್ರು, ಈ ವರ್ಷ ಅರ್ಧಾ ಬರದಾರೇನೋ?” ಎಂದರು ಚಿಗವ್ವ. ಹತ್ತಿರ ಆಗುತ್ತದೆ ಅಂತ ಈ ಸಲ ಬೇರೆ ಸೆಂಟರಿನಲ್ಲಿ ಮಾಡಿಸಿದ್ದೆವು. ರಿಪೋರ್ಟಿನಲ್ಲಿ 4.8 ಇತ್ತು. ಒಂದೇ ವರ್ಷದಲ್ಲಿ 4 ಮಿಲಿಮೀಟರ್! ಕಾಕಾ ಎರಡು ದಿನ ಹೊಲಕ್ಕೆ ಹೋಗಲಿಲ್ಲ. “ಸೂಜಿ ಹಾಕದ ತಗದ್ರ ಹಿಂಗಾ ಆಗೂದು” ಎಂದು ಮನೆಮಂದಿಯೆಲ್ಲ ತೀರ್ಮಾನ ಮಾಡಿಬಿಟ್ಟರು. ನಾನೂ ಹಾಗೇ ಅಂದುಕೊಂಡಿದ್ದೆ.

ಆ ತೀರ್ಮಾನ ತಪ್ಪಾಗಿತ್ತು. ಹೇಗೆ ಅನ್ನುವುದು ಅರ್ಥವಾಗಬೇಕಾದರೆ ಬುಡದಿಂದ ಬರಬೇಕು.

## ದೇಹದ ದೊಡ್ಡ ಕಾಲುವೆ

ಹಿಡಕಲ್ ಡ್ಯಾಂನಿಂದ ಘಟಪ್ರಭಾ ಬಲದಂಡೆ ಕಾಲುವೆ ಹೊರಡುತ್ತದಲ್ಲ, ಹೃದಯದಿಂದ ಮಹಾಪಧಮನಿ ಹೊರಡುವುದೂ ಹಾಗೆಯೇ. ಡಾಕ್ಟರುಗಳು ಇದನ್ನು ಅಯೋರ್ಟಾ ಎನ್ನುತ್ತಾರೆ. ದೇಹಕ್ಕೆಲ್ಲ ಶುದ್ಧ ರಕ್ತ ಒಯ್ಯುವ ಬೇರೆ ನಾಳಗಳು ಇದರ ಕವಲುಗಳು.

ಡ್ಯಾಂನ ಗೇಟಿನ ಜಾಗದಲ್ಲಿ ಒಂದು ಕವಾಟ ಇದೆ. ಅದನ್ನು ದಾಟಿದ ಕೂಡಲೇ ಸಿಗುವ ಭಾಗಕ್ಕೆ ಬುಡ ಎನ್ನೋಣ. ಅಲ್ಲಿಂದ ನಾಳ ಮೇಲಕ್ಕೆ ಏರುತ್ತದೆ, ಕೊಡೆಯ ಹಿಡಿಯ ಹಾಗೆ ಬಾಗುತ್ತದೆ, ಆ ಬಾಗಿನಲ್ಲಿ ತಲೆಗೂ ಕೈಗಳಿಗೂ ಮೂರು ಕವಲು ಕೊಡುತ್ತದೆ. ಆಮೇಲೆ ಬೆನ್ನುಮೂಳೆಯ ಮುಂದೆ ಇಳಿದು, ಎದೆ ದಾಟಿ ಹೊಟ್ಟೆಗೆ ಬಂದು, ಹೊಕ್ಕುಳದ ಹತ್ತಿರ ಎರಡಾಗಿ ಒಡೆದು ಕಾಲುಗಳ ಕಡೆ ಹೋಗುತ್ತದೆ.

ದೊಡ್ಡವರಲ್ಲಿ ಏರುವ ಭಾಗ ಸುಮಾರು 3ರಿಂದ 3.5 ಸೆಂಟಿಮೀಟರ್ ಅಗಲ ಇರುತ್ತದೆ. ಹೊಟ್ಟೆಯಲ್ಲಿ ಸುಮಾರು 2 ಸೆಂಟಿಮೀಟರ್. ಸುಮ್ಮನೆ ಕೂತಾಗಲೂ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ಇದರೊಳಗೆ ದಬ್ಬುತ್ತದೆ. ದಿನಕ್ಕೆ ಹೆಚ್ಚುಕಡಿಮೆ ಒಂದು ಲಕ್ಷ ಸಲ ಈ ನಾಳ ಹಿಗ್ಗಿ ಕುಗ್ಗುತ್ತದೆ. ಅದನ್ನು ತಡೆದುಕೊಳ್ಳಲೆಂದೇ ಇದರ ಗೋಡೆಗೆ ಮೂರು ಪದರಗಳಿವೆ.

## ಗೋಡೆ ಸೋತಾಗ

ಸೈಕಲ್ ಟ್ಯೂಬಿಗೆ ಗಾಳಿ ತುಂಬುವಾಗ ಸವೆದ ಜಾಗ ಗುಳ್ಳೆಯ ಹಾಗೆ ಉಬ್ಬುವುದನ್ನು ನೋಡಿರುತ್ತೀರಿ. ಮಹಾಪಧಮನಿಯ ಗೋಡೆ ಎಲ್ಲಿ ಸೋಲುತ್ತದೋ ಅಲ್ಲಿಯೂ ಹಾಗೆ ಉಬ್ಬುತ್ತದೆ. ಇದಕ್ಕೆ ಅನ್ಯೂರಿಸಂ ಎನ್ನುತ್ತಾರೆ. ಹೊಟ್ಟೆಯಲ್ಲಿ ನಾಳ 3 ಸೆಂಟಿಮೀಟರ್ ಮುಟ್ಟಿದರೆ ಉಬ್ಬಿದೆ ಎಂದು ಲೆಕ್ಕ. ಎದೆಯ ಏರುವ ಭಾಗದಲ್ಲಿ 4 ದಾಟಿದರೆ ಕಣ್ಣಿಡುತ್ತಾರೆ. 5.5ರ ಸುಮಾರಿಗೆ ಆಪರೇಷನ್ ಮಾತು ಬರುತ್ತದೆ. ಮಾರ್ಫಾನ್ ಸಿಂಡ್ರೋಮ್ ಎಂಬ ಹುಟ್ಟು ತೊಂದರೆ ಇದ್ದವರಲ್ಲಿ ಅದಕ್ಕೂ ಮೊದಲೇ. ಇವರು ಸಾಮಾನ್ಯವಾಗಿ ಎತ್ತರದ ಆಳು, ಬೆರಳುಗಳು ತುಂಬ ಉದ್ದ ಇರುತ್ತವೆ.

ಉಬ್ಬು ಸಾಮಾನ್ಯವಾಗಿ ನೋಯುವುದಿಲ್ಲ. ನಮ್ಮ ಕಾಕಾನಿಗೂ ಏನೂ ಗೊತ್ತಾಗಿರಲಿಲ್ಲ. ಭಯ ಇರುವುದು ಅದು ಒಡೆಯುವುದರಲ್ಲಿ, ಅಥವಾ ಗೋಡೆ ಸೀಳುವುದರಲ್ಲಿ. ಸೀಳುವುದು ಅಂದರೆ ಒಳಪದರ ಹರಿದು, ರಕ್ತ ಪದರಗಳ ನಡುವೆ ನುಗ್ಗಿ, ಒಂದೇ ನಾಳದಲ್ಲಿ ಎರಡು ದಾರಿ ಆಗುವುದು. ಒಂದು ಅಸಲಿ ದಾರಿ, ಇನ್ನೊಂದು ಸುಳ್ಳು ದಾರಿ. ಎದೆ ಅಥವಾ ಬೆನ್ನು ಇದ್ದಕ್ಕಿದ್ದ ಹಾಗೆ ಹರಿದುಹೋದಂತೆ ನೋಯುತ್ತದೆ. ಆಗ ಎಂಆರ್‌ಐಗೆ ಸರದಿ ಕಾಯುತ್ತಾ ಕೂರಬಾರದು. ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಮೊದಲು ಮಾಡುವುದು ಹೆಚ್ಚಾಗಿ ಸಿಟಿ ಸ್ಕ್ಯಾನ್, ಯಾಕೆಂದರೆ ಅದು ಕೆಲವೇ ಸೆಕೆಂಡುಗಳ ಕೆಲಸ.

ಇನ್ನೆರಡು ತೊಂದರೆಗಳಿವೆ. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ನಾಳ ಒಂದು ಕಡೆ ಹಿಸುಕಿದ ಹಾಗೆ ಕಿರಿದಾಗಿರುತ್ತದೆ. ಇನ್ನು ಕೆಲವರಲ್ಲಿ ನಾಳದ ಗೋಡೆಗೇ ಉರಿಯೂತ ಬಂದು ದಪ್ಪವಾಗುತ್ತದೆ. ಇದರಲ್ಲಿ ಹೆಸರಾದದ್ದು ತಕಯಾಸು ಕಾಯಿಲೆ. 1908ರಲ್ಲಿ ಇದರ ಬಗ್ಗೆ ಹೇಳಿದ ಜಪಾನಿನ ಕಣ್ಣಿನ ಡಾಕ್ಟರ್ ಮಿಕಿಟೊ ತಕಯಾಸು ಅವರ ಹೆಸರೇ ಇದಕ್ಕೆ ಬಂದಿದೆ. ನಮ್ಮ ಏಷ್ಯಾದ ಎಳೆ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಜಾಸ್ತಿ. ಕೆಲವರಿಗೆ ಒಂದು ಕೈಯಲ್ಲಿ ನಾಡಿ ಸಿಗುವುದೇ ಇಲ್ಲ, ಎರಡೂ ಕೈಯ ಬಿಪಿ ಬೇರೆ ಬೇರೆ ಬರುತ್ತದೆ. ಇದು ನೆನಪಿರಲಿ, ಮುಂದೆ ಬೇಕಾಗುತ್ತದೆ.

## ಗೋಳಗುಮ್ಮಟದಲ್ಲಿ ಚಪ್ಪಾಳೆ ಹೊಡೆದ ಹಾಗೆ

ವಿಜಯಪುರದ ಗೋಳಗುಮ್ಮಟ ಹತ್ತಿ ಮೇಲಿನ ಗ್ಯಾಲರಿಯಲ್ಲಿ ಚಪ್ಪಾಳೆ ಹೊಡೆದಿದ್ದೀರಾ? ನಾವು ಕಳಿಸಿದ ಸದ್ದು ಗೋಡೆ ಮುಟ್ಟಿ ನಮ್ಮ ಕಿವಿಗೇ ವಾಪಸ್ ಬರುತ್ತದೆ. ಕಣ್ಣು ಮುಚ್ಚಿಕೊಂಡಿದ್ದರೂ ಗುಮ್ಮಟ ಎಷ್ಟು ದೊಡ್ಡದು ಅಂತ ಅಂದಾಜಾಗುತ್ತದೆ. ಎಂಆರ್‌ಐ ಕೆಲಸವೂ ಇದೇ ರೀತಿ, ದೇಹಕ್ಕೆ ಕೂಗಿ ಅದರ ಮರುದನಿ ಕೇಳಿಸಿಕೊಳ್ಳುವುದು.

ನಮ್ಮ ದೇಹದಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ. ನೀರಿನಲ್ಲಿ ಹೈಡ್ರೋಜನ್ ಇದೆ. ಹೈಡ್ರೋಜನ್ನಿನ ಒಂದೊಂದು ಕಣವೂ ಪುಟ್ಟ ಬುಗುರಿಯ ಹಾಗೆ ತಿರುಗುತ್ತಾ, ಪುಟ್ಟ ಅಯಸ್ಕಾಂತದ ಹಾಗೆ ನಡೆದುಕೊಳ್ಳುತ್ತದೆ. ಸಾಮಾನ್ಯವಾಗಿ ಒಂದೊಂದು ಒಂದೊಂದು ಕಡೆ ಮುಖ ಮಾಡಿರುತ್ತದೆ. ದೊಡ್ಡ ಅಯಸ್ಕಾಂತದೊಳಗೆ ಮಲಗಿಸಿದರೆ ಇವು ಸಾಲಿಗೆ ಬರುತ್ತವೆ. ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಇರುವ 1.5 ಟೆಸ್ಲಾ ಯಂತ್ರದ ಶಕ್ತಿ ಭೂಮಿಯ ಅಯಸ್ಕಾಂತ ಶಕ್ತಿಯ ಸುಮಾರು 30,000 ಪಟ್ಟು. ಆಮೇಲೆ ಯಂತ್ರ ರೇಡಿಯೋ ಅಲೆ ಕಳಿಸಿ ಈ ಬುಗುರಿಗಳನ್ನು ಒಂದು ಕ್ಷಣ ವಾಲಿಸುತ್ತದೆ. ಅಲೆ ನಿಂತ ಮೇಲೆ ಅವು ತಮ್ಮ ಜಾಗಕ್ಕೆ ಮರಳುತ್ತವೆ, ಮರಳುವಾಗ ಸಣ್ಣ ಸಂಕೇತ ಕೊಡುತ್ತವೆ. ಯಂತ್ರ ಅದನ್ನು ಕೇಳಿ ಚಿತ್ರ ಕಟ್ಟುತ್ತದೆ.

ಇಲ್ಲಿ ಎಕ್ಸ್‌ರೇ ಇಲ್ಲ. ಸಿಟಿ ಸ್ಕ್ಯಾನಿನಲ್ಲಿ ಇರುವಂಥ ವಿಕಿರಣ ಇಲ್ಲ. ಪ್ರತಿ ವರ್ಷ ನೋಡಬೇಕಾದವರಿಗೆ, ಅದರಲ್ಲೂ ಚಿಕ್ಕ ವಯಸ್ಸಿನವರಿಗೆ, ಡಾಕ್ಟರು ಎಂಆರ್‌ಐ ಬರೆಯುವುದು ಇದಕ್ಕೇ.

ಕೊಬ್ಬು, ಮಾಂಸ, ರಕ್ತ ಒಂದೊಂದರ ಬುಗುರಿ ಮರಳುವ ವೇಗ ಬೇರೆ ಬೇರೆ. ಆ ವ್ಯತ್ಯಾಸವೇ ಚಿತ್ರದ ಕಪ್ಪು ಬಿಳುಪು. ರಕ್ತವನ್ನು ಸುತ್ತಲಿನದರಿಂದ ಎದ್ದು ಕಾಣಿಸುವುದು ಹೇಗೆ ಅನ್ನುವುದರಲ್ಲಿ ಮಾತ್ರ ಎರಡು ದಾರಿಗಳಿವೆ.

## ಸೂಜಿಯ ದಾರಿ: ಹಾಲಿಗೆ ಹೆಪ್ಪು ಹಾಕಿದ ಹಾಗೆ

ಮೊದಲ ದಾರಿಯಲ್ಲಿ ಕೈಯ ರಕ್ತನಾಳಕ್ಕೆ ಗ್ಯಾಡೋಲಿನಿಯಂ ಇರುವ ಔಷಧಿ ಬಿಡುತ್ತಾರೆ. ಇದೇ ಕಾಂಟ್ರಾಸ್ಟ್. ಬಣ್ಣ ಬಿಡುತ್ತಾರೆ, ಡೈ ಹಾಕುತ್ತಾರೆ ಅಂತ ಜನ ಹೇಳುವುದುಂಟು. ಆದರೆ ಅದು ಬಣ್ಣ ಅಲ್ಲ, ನೀರಿನಂತೆ ತಿಳಿಯಾಗಿರುತ್ತದೆ.

ಎಂಆರ್‌ಐ ಚಿತ್ರದಲ್ಲಿ ಕಾಣುವುದು ಗ್ಯಾಡೋಲಿನಿಯಂ ಅಲ್ಲ. ಅದು ಹಾಲಿಗೆ ಹಾಕಿದ ಹೆಪ್ಪು ಇದ್ದ ಹಾಗೆ. ಒಂದು ಚಮಚ ಹೆಪ್ಪೇ ಪಾತ್ರೆ ತುಂಬ ಮೊಸರಾಗುವುದಿಲ್ಲ, ಹಾಲು ಬೇಗ ಮೊಸರಾಗುವ ಹಾಗೆ ಮಾಡುತ್ತದೆ. ಗ್ಯಾಡೋಲಿನಿಯಂ ತನ್ನ ಪಕ್ಕದ ನೀರಿನ ಬುಗುರಿಗಳನ್ನು ಬೇಗ ಜಾಗಕ್ಕೆ ಮರಳಿಸುತ್ತದೆ. ಸಾಮಾನ್ಯ ರಕ್ತಕ್ಕೆ ಇದಕ್ಕೆ ಒಂದು ಸೆಕೆಂಡಿಗಿಂತ ಜಾಸ್ತಿ ಬೇಕು. ಔಷಧಿ ಬೆರೆತು ಹಾಯುವಾಗ ಸೆಕೆಂಡಿನ ಹತ್ತನೇ ಒಂದು ಭಾಗವೂ ಬೇಕಿಲ್ಲ. ಬೇಗ ಮರಳಿದ್ದು ಬೇಗ ಮತ್ತೆ ಸಂಕೇತ ಕೊಡುತ್ತದೆ. ಹಾಗಾಗಿ ಔಷಧಿ ಇರುವ ರಕ್ತ ಬೆಳ್ಳಗೆ ಹೊಳೆಯುತ್ತದೆ, ಸುತ್ತಲಿನದು ಮಂಕಾಗಿಯೇ ಉಳಿಯುತ್ತದೆ.

ಇದರ ಕಷ್ಟ ಇರುವುದು ಹೊತ್ತು ಹಿಡಿಯುವುದರಲ್ಲಿ. ಡ್ಯಾಂ ಹತ್ತಿರ ಕಾಲುವೆಗೆ ಕುಂಕುಮ ನೀರು ಸುರಿದು, ಅದು ನಿಮ್ಮ ಹೊಲದ ಮುಂದೆ ಬಂದಾಗಲೇ ಫೋಟೋ ಹೊಡೆಯಬೇಕು ಅಂದುಕೊಳ್ಳಿ. ಬೇಗ ಹೊಡೆದರೆ ಕೆಂಪು ಇನ್ನೂ ಬಂದಿಲ್ಲ. ತಡ ಮಾಡಿದರೆ ಮುಂದೆ ಹೋಗಿ ಎಲ್ಲ ಕಡೆ ಹರಡಿರುತ್ತದೆ. ಮಹಾಪಧಮನಿಯಲ್ಲೂ ತಡವಾದರೆ ವಾಪಸ್ ಬರುವ ಅಶುದ್ಧ ರಕ್ತದ ನಾಳಗಳೂ ಬೆಳ್ಳಗಾಗಿ, ಯಾವುದು ಯಾವುದು ಅಂತ ಬಿಡಿಸುವುದು ಕಷ್ಟ. ಸಮಯ ಕೂಡಿಬಂದರೆ ಸುಮಾರು ಇಪ್ಪತ್ತು ಸೆಕೆಂಡು ಉಸಿರು ಹಿಡಿದರೆ ಸಾಕು, ಇಡೀ ನಾಳದ ಮೂರು ಆಯಾಮದ ಚಿತ್ರ ಸಿಗುತ್ತದೆ. 1990ರ ದಶಕದಲ್ಲಿ ಈ ವಿಧಾನ ಬಂದಾಗ ಡಾಕ್ಟರುಗಳು ಖುಷಿಪಟ್ಟಿದ್ದು ಈ ವೇಗಕ್ಕೆ.

## ಸೂಜಿ ಇಲ್ಲದ ದಾರಿ: ಹರಿವನ್ನೇ ಹಿಡಿಯುವುದು

ಎರಡನೇ ದಾರಿಯಲ್ಲಿ ಹೊರಗಿನಿಂದ ಏನನ್ನೂ ಬೆರೆಸುವುದಿಲ್ಲ. ರಕ್ತದ ಸ್ವಂತ ಗುಣವನ್ನೇ ಬಳಸುತ್ತಾರೆ. ಇದರಲ್ಲಿ ಒಂದಲ್ಲ, ಹಲವು ಉಪಾಯಗಳಿವೆ.

ಒಂದರಲ್ಲಿ ಹರಿಯುವ ರಕ್ತ ಕಪ್ಪಾಗಿ, ನಾಳದ ಗೋಡೆ ಬೂದು ಬಣ್ಣದಲ್ಲಿ ಕಾಣುತ್ತದೆ. ಗೋಡೆ ಎಷ್ಟು ದಪ್ಪ, ಒಳಗೆ ಏನಾದರೂ ಹೆಪ್ಪುಗಟ್ಟಿ ಕೂತಿದೆಯಾ ಅಂತ ನೋಡಲು ಇದು ಬೇಕು.

ಇನ್ನೊಂದರಲ್ಲಿ ರಕ್ತ ತಾನಾಗಿಯೇ ಬೆಳ್ಳಗೆ ಹೊಳೆಯುತ್ತದೆ. ಈ ಚಿತ್ರ ತೆಗೆಯುವ ರೀತಿ ನನಗೆ ತುಂಬ ಹಿಡಿಸಿತು. ಎದೆಗೆ ಇಸಿಜಿ ಪಟ್ಟಿ ಅಂಟಿಸುತ್ತಾರೆ. ಯಂತ್ರ ಪ್ರತಿ ಬಡಿತವನ್ನೂ ಗಮನಿಸುತ್ತಾ, ಎರಡು ಬಡಿತಗಳ ನಡುವೆ ಹೃದಯ ಸ್ವಲ್ಪ ಸುಮ್ಮನಾಗುವ ಆ ಗಳಿಗೆಯಲ್ಲಿ ಮಾತ್ರ ಚೂರು ಚೂರು ಮಾಹಿತಿ ತೆಗೆದುಕೊಳ್ಳುತ್ತದೆ. ಜೊತೆಗೆ ಉಸಿರಾಟದ ಏರಿಳಿತವನ್ನೂ ನೋಡುತ್ತಿರುತ್ತದೆ. ಎದೆ ಮತ್ತು ಹೊಟ್ಟೆಯ ನಡುವೆ ಇದ್ದು ಉಸಿರಿನ ಜೊತೆ ಏರಿಳಿಯುವ ಸ್ನಾಯು, ಅಂದರೆ ವಪೆ, ಒಂದು ಮಟ್ಟಕ್ಕೆ ಬಂದಾಗಿನದು ಇಟ್ಟುಕೊಳ್ಳುತ್ತದೆ, ಉಳಿದದ್ದು ಬಿಟ್ಟುಬಿಡುತ್ತದೆ. ಓಡುವ ಕರುವಿನ ಫೋಟೋ ತೆಗೆಯಲು ಅದು ನಿಲ್ಲುವುದನ್ನೇ ಕಾಯುತ್ತಾ ಕೂತ ಹಾಗೆ. ತಾಳ್ಮೆಯ ಕೆಲಸ, ಐದು ನಿಮಿಷದಿಂದ ಕಾಲು ಗಂಟೆ ಹಿಡಿಯಬಹುದು. ಆದರೆ ಉಸಿರು ಬಿಗಿ ಹಿಡಿಯುವ ಗೋಳು ಇಲ್ಲ, ಆರಾಮವಾಗಿ ಉಸಿರಾಡುತ್ತಾ ಮಲಗಿದರೆ ಆಯಿತು.

ಮೂರನೆಯದರಲ್ಲಿ ರಕ್ತ ಎಷ್ಟು ಜೋರಾಗಿ, ಯಾವ ಕಡೆ ಹರಿಯುತ್ತಿದೆ ಅಂತ ಅಳೆಯುತ್ತಾರೆ. ನಾಳ ಕಿರಿದಾದಲ್ಲಿ ರಕ್ತ ರಭಸವಾಗಿ ನುಗ್ಗುತ್ತದೆ, ಪೈಪಿನ ಬಾಯಿಯನ್ನು ಬೆರಳಿನಿಂದ ಒತ್ತಿದರೆ ನೀರು ದೂರ ಹಾರುವಂತೆ. ಆ ರಭಸದಿಂದ ಅಡಚಣೆ ಎಷ್ಟು ಅನ್ನುವ ಅಂದಾಜು ಸಿಗುತ್ತದೆ. ಕವಾಟ ಸೋರುತ್ತಿದ್ದರೆ ಎಷ್ಟು ರಕ್ತ ಹಿಂದಕ್ಕೆ ಬರುತ್ತಿದೆ ಅನ್ನುವುದೂ ತಿಳಿಯುತ್ತದೆ. ಇದಕ್ಕೂ ಸೂಜಿ ಬೇಕಿಲ್ಲ.

## ಯಾವುದು ಎಲ್ಲಿ ವಾಸಿ?

ಪ್ಲೇನ್ ಅಂದರೆ ಕಾಂಟ್ರಾಸ್ಟಿನ ಅರ್ಧ ಅಲ್ಲ. ಎರಡೂ ಬೇರೆ ಬೇರೆ ಕಣ್ಣು. ಡಾಕ್ಟರಿಗೆ ಯಾವ ಪ್ರಶ್ನೆಗೆ ಉತ್ತರ ಬೇಕು ಅನ್ನುವುದರ ಮೇಲೆ ಆಯ್ಕೆ ನಿಂತಿದೆ.

ಉಬ್ಬು ಎಷ್ಟಿದೆ, ಹೋದ ವರ್ಷಕ್ಕಿಂತ ಬೆಳೆದಿದೆಯಾ ಅನ್ನುವುದಷ್ಟೇ ಪ್ರಶ್ನೆಯಾದರೆ ಸೂಜಿ ಇಲ್ಲದ್ದು ಸಾಕು. ಎರಡನ್ನೂ ಅದೇ ಜನರಿಗೆ ಮಾಡಿ ಹೋಲಿಸಿ ನೋಡಿದ ಅಧ್ಯಯನಗಳಲ್ಲಿ ಎದೆಯ ಭಾಗದ ಅಳತೆಗಳು ಹೆಚ್ಚುಕಡಿಮೆ ಒಂದೇ ಬಂದಿವೆ. ಬುಡದ ವಿಷಯದಲ್ಲಂತೂ ಸೂಜಿ ಇಲ್ಲದ್ದೇ ಮೇಲು. ಕಾರಣ ಸರಳ. ಬುಡ ಹೃದಯಕ್ಕೆ ಅಂಟಿಕೊಂಡಿದೆ, ಪ್ರತಿ ಬಡಿತಕ್ಕೂ ಕುಣಿಯುತ್ತದೆ. ಸಾಮಾನ್ಯ ಕಾಂಟ್ರಾಸ್ಟ್ ಚಿತ್ರ ಬಡಿತಕ್ಕೆ ಕಾಯುವುದಿಲ್ಲ, ಇಪ್ಪತ್ತು ಸೆಕೆಂಡಿನಲ್ಲಿ ಬಡಿತಗಳನ್ನೆಲ್ಲ ಸೇರಿಸಿ ಒಂದೇ ಚಿತ್ರ ಮಾಡುತ್ತದೆ. ಹಾಗಾಗಿ ಬುಡದ ಅಂಚು ಮಸುಕಾಗುತ್ತದೆ, ಕೆಲವೊಮ್ಮೆ ಎರಡೆರಡು ಗೆರೆ ಕಾಣುತ್ತದೆ. ಯಾವ ಗೆರೆಯಿಂದ ಅಳೆಯಬೇಕು ಹೇಳಿ?

ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು. ಪೈಪಿನೊಳಗೆ ಸುಣ್ಣದ ಪೊರೆ ಕಟ್ಟುತ್ತದೆ. ಎರಡಿಂಚಿನ ಪೈಪಿನಲ್ಲಿ ಒಂದಿಂಚಿನ ನೀರು ಬರುತ್ತಿರುತ್ತದೆ. ಹಳೆಯ ಉಬ್ಬಿನಲ್ಲೂ ಹೀಗೇ, ಗೋಡೆಗೆ ರಕ್ತ ಹೆಪ್ಪುಗಟ್ಟಿ ಕೂತಿರುತ್ತದೆ. ಕಾಂಟ್ರಾಸ್ಟ್ ಚಿತ್ರದಲ್ಲಿ ಹೊಳೆಯುವುದು ನಡುವೆ ಹರಿಯುವ ರಕ್ತ ಮಾತ್ರ. ಅದನ್ನಷ್ಟೇ ಅಳೆದರೆ ಉಬ್ಬು ಇರುವುದಕ್ಕಿಂತ ಚಿಕ್ಕದು ಅನ್ನಿಸುತ್ತದೆ. ಗೋಡೆ ತೋರಿಸುವ ಚಿತ್ರಗಳೂ ಜೊತೆಗಿರಬೇಕು. ಸೂಜಿ ಹಾಕಿ ಮಾಡುವಾಗಲೂ ಮೊದಲು ಸೂಜಿ ಇಲ್ಲದ ಚಿತ್ರಗಳನ್ನು ತೆಗೆಯುವುದು ಇದಕ್ಕೇ.

ಹಾಗಂತ ಕಾಂಟ್ರಾಸ್ಟ್ ಬೇಡವೇ ಬೇಡ ಅನ್ನುವ ಹಾಗಿಲ್ಲ. ತಕಯಾಸು ಕಾಯಿಲೆ ನೆನಪಿದೆಯಲ್ಲ? ಅಲ್ಲಿ ನಾಳದ ಅಗಲಕ್ಕಿಂತ ದೊಡ್ಡ ಪ್ರಶ್ನೆ, ಗೋಡೆಯಲ್ಲಿ ಉರಿಯೂತ ಇನ್ನೂ ಉರಿಯುತ್ತಿದೆಯಾ ಅನ್ನುವುದು. ಉರಿಯೂತ ಇರುವ ಗೋಡೆ ಔಷಧಿಯನ್ನು ಹೀರಿಕೊಂಡು, ಸ್ವಲ್ಪ ಹೊತ್ತಾದ ಮೇಲೂ ಬೆಳ್ಳಗೆ ಕಾಣುತ್ತದೆ. ಮಾತ್ರೆ ಹೆಚ್ಚಿಸಬೇಕಾ, ಇಳಿಸಬೇಕಾ ಅಂತ ತೀರ್ಮಾನಿಸಲು ಇದು ಡಾಕ್ಟರಿಗೆ ದೊಡ್ಡ ಸುಳಿವು. ಸೋಂಕಿನ ಅನುಮಾನ ಇದ್ದಾಗಲೂ ಹೀಗೇ.

ಸೀಳಿದ ನಾಳದಲ್ಲಿ ಸುಳ್ಳು ದಾರಿಗೆ ರಕ್ತ ಇನ್ನೂ ನುಗ್ಗುತ್ತಿದೆಯಾ, ಇಲ್ಲ ಹೆಪ್ಪುಗಟ್ಟಿ ಮುಚ್ಚಿಕೊಂಡಿದೆಯಾ? ಕಾಂಟ್ರಾಸ್ಟ್ ಬಿಟ್ಟು ಕೆಲವು ಸೆಕೆಂಡಿಗೊಂದರಂತೆ ಚಿತ್ರ ತೆಗೆದರೆ ಅಸಲಿ ದಾರಿ ಮೊದಲು, ಸುಳ್ಳು ದಾರಿ ತಡವಾಗಿ ತುಂಬುವುದು ಕಣ್ಣೆದುರೇ ಕಾಣುತ್ತದೆ. ಉಬ್ಬಿನೊಳಗೆ ಕೊಳವೆ ಕೂರಿಸಿದ ಮೇಲೆ ಪಕ್ಕದಿಂದ ರಕ್ತ ಸೋರುತ್ತಿದೆಯಾ ಅಂತ ನೋಡಲು ಕೂಡ ಕಾಂಟ್ರಾಸ್ಟೇ ಬೇಕು. ಎದೆಯಿಂದ ಕಾಲಿನವರೆಗೆ ಎಲ್ಲ ಕವಲುಗಳನ್ನೂ ಒಂದೇ ಸಲಕ್ಕೆ ನೋಡಬೇಕಾದಾಗ ಅದರ ವೇಗ ಉಪಯೋಗಕ್ಕೆ ಬರುತ್ತದೆ.

ಹೃದಯದ ಬಡಿತ ತಾಳ ತಪ್ಪಿದ್ದರೆ ಸೂಜಿ ಇಲ್ಲದ ವಿಧಾನ ತಡವರಿಸುತ್ತದೆ. ಕಾಯಬೇಕಾದ ಗಳಿಗೆ ಯಾವಾಗ ಬರುತ್ತದೆ ಅಂತ ಯಂತ್ರಕ್ಕೆ ಗೊತ್ತಾಗುವುದಿಲ್ಲ. ರಕ್ತ ಸುಳಿಸುತ್ತಿ ನುಗ್ಗುವ ಕಡೆ, ಆಪರೇಷನ್ನಿನಲ್ಲಿ ಹಾಕಿದ ಸ್ಟೀಲಿನ ತುಂಡುಗಳು ಇರುವ ಕಡೆ ಚಿತ್ರದಲ್ಲಿ ಕಪ್ಪು ಮಚ್ಚೆ ಬೀಳುತ್ತದೆ. ಒಳ್ಳೆಯದೊಂದಿದೆ, ಚಿತ್ರ ಕೆಟ್ಟರೆ ಮತ್ತೆ ತೆಗೆಯಬಹುದು. ಕಾಂಟ್ರಾಸ್ಟಿನಲ್ಲಿ ಹೊತ್ತು ತಪ್ಪಿದರೆ ಮತ್ತೆ ಔಷಧಿ ಬಿಡಬೇಕಾಗುತ್ತದೆ.

## ಸೌತೆಕಾಯಿ ಅಡ್ಡ ಕೊಯ್ದ ಹಾಗೆ, ಓರೆ ಕೊಯ್ದ ಹಾಗೆ

ಈಗ ಕಾಕಾನ 4.8ಕ್ಕೆ ಬರೋಣ.

ಮುಂದಿನ ವಾರ ಎರಡೂ ವರ್ಷದ ಸಿಡಿ ತೆಗೆದುಕೊಂಡು ಬೆಳಗಾವಿಗೆ ಹೋದೆವು. ಅಲ್ಲಿಯ ಡಾಕ್ಟರು ರಿಪೋರ್ಟಿನ ಹಾಳೆ ಪಕ್ಕಕ್ಕಿಟ್ಟು, ಎರಡೂ ಸಿಡಿಯನ್ನು ಕಂಪ್ಯೂಟರಿನಲ್ಲಿ ಅಕ್ಕಪಕ್ಕ ತೆರೆದರು. ಒಂದರಲ್ಲಿ ಸೂಜಿ ಹಾಕಿದ ಚಿತ್ರ, ಇನ್ನೊಂದರಲ್ಲಿ ಹಾಕದ್ದು. ಮೌಸ್ ಹಿಡಿದು ಗೆರೆ ತಿರುಗಿಸುತ್ತಾ ಕೇಳಿದರು, “ಅಜ್ಜಾರ, ಸವತಿಕಾಯಿ ಹೆಚ್ಚೂವಾಗ ನೆಟ್ಟಗ ಕೊಯ್ದ್ರ ಹೋಳು ಹೆಂಗ ಬರ್ತದ್ರಿ?”

“ದುಂಡಗ ಬರ್ತದ್ರಿ.”

“ವಾರಿ ಕೊಯ್ದ್ರ?”

“ಉದ್ದ ಬರ್ತದ್ರಿ.”

“ಸವತಿಕಾಯಿ ಅದಾ, ಆದ್ರ ಹೋಳು ದೊಡ್ಡದು ಕಾಣತೈತಿ. ಇಲ್ಲೂ ಆಗಿದ್ದು ಅಷ್ಟಾರಿ.”

ಮಹಾಪಧಮನಿ ನೆಟ್ಟಗಿನ ಕೊಳವೆ ಅಲ್ಲ. ಏರುವಾಗ ವಾಲಿರುತ್ತದೆ, ಮೇಲೆ ಬಾಗುತ್ತದೆ. ದೇಹವನ್ನು ಅಡ್ಡ ಸೀಳಿದ ಚಿತ್ರದಲ್ಲಿ ನೇರವಾಗಿ ಅಳೆದರೆ, ನಾಳ ಅಲ್ಲಿ ಓರೆಯಾಗಿದ್ದರೆ, ಮೊಟ್ಟೆಯಾಕಾರ ಬರುತ್ತದೆ. ಅದರ ಉದ್ದನೆಯ ಕಡೆ ಅಳೆದರೆ ಇಲ್ಲದ ಮಿಲಿಮೀಟರುಗಳು ಸೇರಿಕೊಳ್ಳುತ್ತವೆ. ನಾಳ ಹೋಗುವ ದಿಕ್ಕಿಗೆ ಸರಿಯಾಗಿ ಅಡ್ಡ ಗೆರೆ ಎಳೆದು, ದುಂಡಗಿನ ಹೋಳನ್ನೇ ಅಳೆಯಬೇಕು. ಎರಡನೇ ಸೆಂಟರಿನಲ್ಲಿ ಅಳೆದದ್ದು ಓರೆ ಹೋಳು. ಬೆಳಗಾವಿಯ ಡಾಕ್ಟರು ಎರಡೂ ವರ್ಷದ್ದನ್ನು ಒಂದೇ ಜಾಗದಲ್ಲಿ, ಒಂದೇ ರೀತಿ ಅಳೆದಾಗ ಬಂದದ್ದು 4.4 ಮತ್ತು 4.5. ಸೂಜಿ ಹಾಕದೆ ತೆಗೆದ ಚಿತ್ರ ಚೆನ್ನಾಗಿಯೇ ಇತ್ತು. ತಪ್ಪಿದ್ದು ಗೆರೆ.

ಇದು ಸಣ್ಣ ಮಾತಲ್ಲ. ಎದೆಯ ಭಾಗದ ಉಬ್ಬು ಸಾಮಾನ್ಯವಾಗಿ ವರ್ಷಕ್ಕೆ ಒಂದು ಮಿಲಿಮೀಟರ್ ಆಚೀಚೆ ಬೆಳೆಯುತ್ತದೆ. ಒಂದೇ ವರ್ಷದಲ್ಲಿ 5 ಮಿಲಿಮೀಟರ್ ಬೆಳೆದರೆ ಆಪರೇಷನ್ ಯೋಚನೆ ಮಾಡುತ್ತಾರೆ. ಅಂದರೆ ಅಳತೆಯಲ್ಲಿ ನಾಲ್ಕು ಮಿಲಿಮೀಟರ್ ತಪ್ಪಿದರೆ, ಆರಾಮ ಇರುವ ಮನುಷ್ಯ ಆಪರೇಷನ್ ಬಾಗಿಲಿಗೆ ಹೋಗಿ ನಿಂತಂತೆ. ಉಲ್ಟಾ ಆದರೆ ಇನ್ನೂ ಕಷ್ಟ, ನಿಜವಾಗಿ ಬೆಳೆದದ್ದು ಗೊತ್ತೇ ಆಗುವುದಿಲ್ಲ. ಆದ್ದರಿಂದ ಆದಷ್ಟು ಒಂದೇ ಕಡೆ, ಒಂದೇ ವಿಧಾನದಲ್ಲಿ ಮಾಡಿಸುವುದು ಒಳ್ಳೆಯದು. ಬೇರೆ ಕಡೆ ಹೋಗಲೇಬೇಕಾದರೆ ಹಳೆಯ ಸಿಡಿ ಕೊಟ್ಟು, “ಇದರ ಜೊತೆ ಹೋಲಿಸಿ ಬರೀರಿ” ಎಂದು ಕೇಳಬೇಕು. ಎಕೋದಲ್ಲಿ ಬಂದ ಅಂಕಿಯನ್ನು ಎಂಆರ್‌ಐ ಅಂಕಿಯ ಪಕ್ಕ ಇಟ್ಟು ಗಾಬರಿಯಾಗುವುದೂ ಬೇಡ. ಗೋಡೆಯ ಯಾವ ಅಂಚಿನಿಂದ ಯಾವ ಅಂಚಿಗೆ ಅಳೆಯುವುದು ಅನ್ನುವ ಪದ್ಧತಿಯೇ ಎರಡರಲ್ಲಿ ಬೇರೆ ಇರಬಹುದು.

## ಔಷಧಿಯ ಭಯ ಎಷ್ಟು ನಿಜ?

ಗ್ಯಾಡೋಲಿನಿಯಂ ಒಂದು ಲೋಹ. ಬರೀ ಲೋಹವಾಗಿ ದೇಹಕ್ಕೆ ಹೋದರೆ ವಿಷ. ಹಾಗಾಗಿ ಅದನ್ನು ಇನ್ನೊಂದು ಅಣುವಿನೊಳಗೆ ಸುತ್ತಿ ಕೊಡುತ್ತಾರೆ. ಸುತ್ತುವುದರಲ್ಲಿ ಎರಡು ಬಗೆ. ಚಪಾತಿಯಲ್ಲಿ ಹೂರಣ ಸುತ್ತಿದರೆ ಎರಡೂ ತುದಿ ತೆರೆದಿರುತ್ತವೆ, ಒತ್ತಿದರೆ ಹೊರಗೆ ಬರಬಹುದು. ಕಡಬಿನಲ್ಲಿ ತುಂಬಿ ಸುತ್ತಲೂ ಅಂಚು ಒತ್ತಿದರೆ ಅಷ್ಟು ಸುಲಭಕ್ಕೆ ಬರುವುದಿಲ್ಲ. ಹಳೆಯ ಹಲವು ಔಷಧಿಗಳು ಚಪಾತಿಯ ತರಹದವು. ಗ್ಯಾಡೋಬ್ಯುಟ್ರಾಲ್, ಗ್ಯಾಡೋಟರೇಟ್ ಮುಂತಾದವು ಕಡಬಿನ ತರಹದವು.

ಕಿಡ್ನಿ ಚೆನ್ನಾಗಿದ್ದರೆ ಈ ಔಷಧಿ ಮೂತ್ರದಲ್ಲಿ ಹೊರಗೆ ಹೋಗುತ್ತದೆ, ಬಹುಪಾಲು ಒಂದೇ ದಿನದಲ್ಲಿ. ಕಿಡ್ನಿ ತೀರಾ ಸೋತವರಲ್ಲಿ, ಡಯಾಲಿಸಿಸ್ ಮೇಲೆ ಇರುವವರಲ್ಲಿ ಅದು ಒಳಗೇ ಉಳಿಯುತ್ತದೆ. ಅಂಥ ಕೆಲವರಿಗೆ ಚರ್ಮ ಗಟ್ಟಿಯಾಗಿ, ಕೀಲು ಮಡಚಲು ಆಗದ ಭಾರಿ ಕಾಯಿಲೆ ಬಂತು. ಅದಕ್ಕೂ ಗ್ಯಾಡೋಲಿನಿಯಂಗೂ ನಂಟಿದೆ ಅಂತ 2006ರಲ್ಲಿ ತಿಳಿಯಿತು. ಆಮೇಲೆ ರಕ್ತಪರೀಕ್ಷೆ ನೋಡಿ ಔಷಧಿ ಕೊಡುವ ಪದ್ಧತಿ ಗಟ್ಟಿಯಾಯಿತು, ಕಡಬಿನ ತರಹದ ಔಷಧಿಗಳ ಬಳಕೆ ಹೆಚ್ಚಿತು, ಆ ಕಾಯಿಲೆ ಈಗ ಬಲು ಅಪರೂಪ. 2017ರಲ್ಲಿ ಯುರೋಪಿನಲ್ಲಿ ಚಪಾತಿ ತರಹದ ಹಲವು ಔಷಧಿಗಳ ಮಾರಾಟವನ್ನೇ ನಿಲ್ಲಿಸಿದರು.

ಸ್ಕ್ಯಾನಿಗೆ ಮೊದಲು ಕ್ರಿಯಾಟಿನಿನ್ ಎಂಬ ರಕ್ತಪರೀಕ್ಷೆ ಕೇಳುವುದು ಇದಕ್ಕೇ. ಅದರಿಂದ ಕಿಡ್ನಿ ಎಷ್ಟು ಸೋಸುತ್ತಿದೆ ಅನ್ನುವ ಅಂಕಿ ತೆಗೆಯುತ್ತಾರೆ. ಅದು 30ಕ್ಕಿಂತ ಕೆಳಗಿದ್ದರೆ ತುಂಬ ಯೋಚಿಸಿ ಮುಂದೆ ಹೋಗುತ್ತಾರೆ. ಸೂಜಿ ಇಲ್ಲದ ಎಂಆರ್‌ಐ ಇಂಥವರಿಗೆ ದೊಡ್ಡ ಆಸರೆ. ಬಸಿರಿದ್ದವರಿಗೂ ಅಷ್ಟೇ, ತೀರಾ ಅನಿವಾರ್ಯ ಆಗದ ಹೊರತು ಕಾಂಟ್ರಾಸ್ಟ್ ಕೊಡುವುದಿಲ್ಲ. ಹಾಲುಣಿಸುವ ತಾಯಂದಿರು ಮಾತ್ರ ಹೆದರಬೇಕಿಲ್ಲ. ಹಾಲಿಗೆ ಸೇರುವುದು ಕೊಟ್ಟ ಔಷಧಿಯ 0.04 ಶೇಕಡಾಕ್ಕಿಂತ ಕಡಿಮೆ.

ಕಿಡ್ನಿ ಸರಿ ಇದ್ದವರಲ್ಲೂ, ಮತ್ತೆ ಮತ್ತೆ ಔಷಧಿ ತೆಗೆದುಕೊಂಡರೆ ಮೆದುಳಿನಲ್ಲಿ ಅದರ ಸಣ್ಣ ಗುರುತು ಉಳಿಯುತ್ತದೆ ಎಂದು 2014ರಲ್ಲಿ ಜಪಾನಿನ ಸಂಶೋಧಕರು ತೋರಿಸಿದರು. ಅದರಿಂದ ಕೆಡುಕಾಗಿದೆ ಎಂಬುದು ಸಾಬೀತಾಗಿಲ್ಲ. ಆದರೂ ಇಪ್ಪತ್ತು ವರ್ಷ, ಪ್ರತಿ ವರ್ಷ ಅಳತೆ ನೋಡಬೇಕಾದ ಮನುಷ್ಯನಿಗೆ ಬೇಕಿಲ್ಲದಾಗ ಯಾಕೆ ಹಾಕಬೇಕು? ಕಾಕಾನ ಚೀಟಿಯಲ್ಲಿ ‘ಪ್ಲೇನ್’ ಅಂತ ಬರೆದದ್ದರ ಹಿಂದೆ ಇದ್ದ ಯೋಚನೆ ಇದು. ದುಡ್ಡಿನ ಲೆಕ್ಕ ಅಲ್ಲ.

ಇನ್ನು ಅಲರ್ಜಿ. ಗ್ಯಾಡೋಲಿನಿಯಂಗೆ ಅಲರ್ಜಿ ಆಗುವುದು ಅಪರೂಪ, ಜೀವಕ್ಕೆ ಬರುವಂಥದ್ದು ಬಹಳ ಅಪರೂಪ. ಸಿಟಿ ಸ್ಕ್ಯಾನಿನಲ್ಲಿ ಹಾಕುವುದು ಅಯೋಡಿನ್ ಇರುವ ಔಷಧಿ, ಅದೇ ಬೇರೆ. ಅಲ್ಲಿ ತೊಂದರೆ ಆಗಿತ್ತು ಅಂದರೆ ಇಲ್ಲೂ ಆಗಲೇಬೇಕೆಂದಿಲ್ಲ. ಆದರೆ ಮುಂಚೆ ಯಾವ ಔಷಧಿಗೆ ಏನಾಗಿತ್ತು ಅಂತ ಬಿಡದೆ ಹೇಳಿ.

## ಕೋಣೆಯ ಒಳಗೆ

ಕಾಕಾನ ಸೊಂಟದಲ್ಲಿ ಬೆಳ್ಳಿ ಉಡದಾರ ಇತ್ತು. ನಲವತ್ತು ವರ್ಷದಿಂದ ಬಿಚ್ಚಿರಲಿಲ್ಲ. ಕೊಂಡಿ ಸವೆದು ಬಿಗಿದುಕೊಂಡಿತ್ತು. ಮೊದಲ ಸಲ ಹೋದಾಗ ಟೆಕ್ನೀಷಿಯನ್ ಹುಡುಗ ಬಿಚ್ಚಿ ಅಂದಾಗ ಕಾಕಾ ಒಪ್ಪಲಿಲ್ಲ. ಬೆಳ್ಳಿಯನ್ನು ಅಯಸ್ಕಾಂತ ಎಳೆಯುವುದಿಲ್ಲ ಅಲ್ವಾ ಅಂತ ನಾನೂ ವಾದ ಮಾಡಿದೆ. ಎಳೆಯುವುದಿಲ್ಲ, ನಿಜ. ಆದರೆ ಮೈಸುತ್ತ ಇರುವ ಲೋಹದ ಬಳೆಯಲ್ಲಿ ರೇಡಿಯೋ ಅಲೆಯಿಂದ ಕರೆಂಟು ಹುಟ್ಟಿ ಬಿಸಿಯಾಗಬಹುದು, ಚಿತ್ರವೂ ಕೆಡುತ್ತದೆ ಅಂತ ಆತ ತಿಳಿಸಿ ಹೇಳಿದ. ಕೊನೆಗೆ ಕೊಂಡಿಗೆ ಕೊಬ್ಬರಿ ಎಣ್ಣೆ ಹಚ್ಚಿ, ಅರ್ಧ ಗಂಟೆ ತಿಕ್ಕಿ ಬಿಚ್ಚಿದೆವು. ಚಿಗವ್ವ ಅದನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಹೊರಗೆ ಕೂತರು.

ತಾಳಿ, ಕಾಲುಂಗುರ, ಸೀರೆಯ ಪಿನ್ನು, ಕಿವಿಯ ಮಷೀನು, ಕಟ್ಟಿಸಿದ ಹಲ್ಲಿನ ಸೆಟ್ಟು, ಮೊಬೈಲು, ಎಟಿಎಂ ಕಾರ್ಡು ಎಲ್ಲ ಹೊರಗೆ. ತಾಳಿ ಬಿಚ್ಚಲು ಮನಸ್ಸಿಲ್ಲದವರು ಅರಿಶಿನ ಕೊಂಬು ಕಟ್ಟಿದ ದಾರ ಹಾಕಿಕೊಂಡು ಹೋಗುವುದುಂಟು. ಪೇಸ್‌ಮೇಕರ್, ಕಿವಿಯೊಳಗೆ ಕೂರಿಸಿದ ಯಂತ್ರ, ತಲೆಯ ಆಪರೇಷನ್ನಿನ ಕ್ಲಿಪ್, ಕಣ್ಣಿಗೆ ಸಿಡಿದ ಕಬ್ಬಿಣದ ಚೂರು ಇದ್ದರೆ ಮೊದಲೇ ಹೇಳಬೇಕು. ವೆಲ್ಡಿಂಗ್, ಟರ್ನಿಂಗ್ ಕೆಲಸ ಮಾಡಿದವರು ಇದನ್ನು ಮರೆಯಬಾರದು. ಹೃದಯದ ಸ್ಟೆಂಟ್‌ಗಳಿಗೆ ಹೆಚ್ಚಾಗಿ ತೊಂದರೆ ಇಲ್ಲ, ಆದರೆ ಅದರ ಕಾರ್ಡು ತೋರಿಸಿ.

ಒಳಗೆ ಗಟ್ಟಿ ಸದ್ದು. ಗಿರಣಿಯಲ್ಲಿ ಕೂತ ಹಾಗೆ. ಕಿವಿಗೆ ಮುಚ್ಚಲು ಕೊಡುತ್ತಾರೆ. ಕೈಗೆ ರಬ್ಬರಿನ ಬಲ್ಬ್ ಕೊಡುತ್ತಾರೆ, ಹೆದರಿಕೆಯಾದರೆ ಹಿಸುಕಬಹುದು. ಮೈಕಿನಲ್ಲಿ ದನಿ ಬರುತ್ತದೆ, “ಉಸಿರು ತಗೋರಿ... ಬಿಡ್ರಿ... ಹಂಗಾ ಹಿಡೀರಿ.” ಮನೆಯಲ್ಲಿ ಎರಡು ದಿನ ಮೊದಲೇ ಇಪ್ಪತ್ತು ಸೆಕೆಂಡು ಉಸಿರು ಹಿಡಿದು ರೂಢಿ ಮಾಡಿಕೊಂಡರೆ ಕಾಂಟ್ರಾಸ್ಟ್ ಚಿತ್ರ ಚೆನ್ನಾಗಿ ಬರುತ್ತದೆ. ಕಾಕಾ ಕಾಲುವೆ ದಂಡೆಯ ಮೇಲೆ ಕೂತು ರೂಢಿ ಮಾಡಿಕೊಂಡಿದ್ದರು.

ಈ ವರ್ಷದ ಸ್ಕ್ಯಾನ್ ಮುಂದಿನ ತಿಂಗಳಿದೆ, ಬೆಳಗಾವಿಯಲ್ಲೇ, ಪ್ಲೇನ್. ಹಳೆಯ ಎರಡೂ ಸಿಡಿಗಳನ್ನು ಚಿಗವ್ವ ಟ್ರಂಕಿನಲ್ಲಿ, ಹೊಲದ ಉತಾರದ ಚೀಲದ ಜೊತೆ ಇಟ್ಟಿದ್ದಾರೆ. ಉಡದಾರಕ್ಕೆ ಕಾಕಾ ಹೊಸ ಕೊಂಡಿ ಹಾಕಿಸಿದ್ದಾರೆ.